ನಾಲ್ಕು ತಿಂಗಳ ಕಚೇರಿ, ಎರಡು ಸಾಗಣೆ

(ಕಟ್ಟಡ ನವೀಕರಣದ ಅವಧಿಯಲ್ಲಿ ಕಚೇರಿಯ ತಾತ್ಕಾಲಿಕ ಸ್ಥಳಾಂತರ ಕುರಿತ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಕಟ್ಟಡ ನವೀಕರಣಕ್ಕಾಗಿ ಕಚೇರಿ ಖಾಲಿ ಮಾಡಬೇಕು ಎಂದಾಗ ಬರುವ ಮೊದಲ ಮಾತು, "ನಾಲ್ಕು ತಿಂಗಳು ತಾನೆ, ಹೇಗೋ ಹೊಂದಿಸಿಕೊಂಡು ಹೋಗೋಣ" ಎಂಬುದು. ಮುಂದೆ ಬರುವ ಮುಕ್ಕಾಲು ಪಾಲು ತೊಂದರೆಗಳಿಗೆ ಈ ಮಾತೇ ಬೇರು. ಜಾಗ ನಾಲ್ಕು ತಿಂಗಳದ್ದು ನಿಜ, ಆದರೆ ಕೆಲಸ ಎಂದಿನದೇ. ಸಂಬಳ ಅದೇ ತಾರೀಖಿಗೆ ಆಗಬೇಕು, ಫೋನು ಅದೇ ಸಂಖ್ಯೆಯಲ್ಲಿ ಸಿಗಬೇಕು, ಕೇಳಿದ ಕಡತ ಅದೇ ದಿನ ಕೈಗೆ ಬರಬೇಕು.

ಇನ್ನೊಂದು ಸಂಗತಿಯನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಇಂದಿನ ಮಾತೆಲ್ಲ ಅದರ ಸುತ್ತಲೇ ಇದೆ. ಕಚೇರಿ ಪೂರ್ತಿ ಬೇರೆಡೆಗೆ ಹೋಗುವಾಗ ಸಾಗಣೆ ಒಂದೇ ಸಲ. ನವೀಕರಣಕ್ಕಾಗಿ ಹೋಗುವಾಗ ಎರಡು ಸಲ. ಹೋಗುವ ದಿನ ಕಟ್ಟಿದ ಪೆಟ್ಟಿಗೆ, ಬರೆದ ಚೀಟಿ, ಕಳಚಿದ ತಂತಿ, ಎಲ್ಲವೂ ಮರಳುವ ದಿನ ಮತ್ತೆ ಎದುರಿಗೆ ಬಂದು ನಿಲ್ಲುತ್ತವೆ. ಆದ್ದರಿಂದ ಪ್ರತಿ ತೀರ್ಮಾನವನ್ನೂ ಮರಳುವ ದಿನವನ್ನು ಕಣ್ಣ ಮುಂದೆ ಇಟ್ಟುಕೊಂಡೇ ಮಾಡಬೇಕು.

ಜಾಗ ನೋಡುವಾಗ

ಖಾಲಿ ಜಾಗ ನೋಡಲು ಹೋದವರು ಸಾಮಾನ್ಯವಾಗಿ ಎಷ್ಟು ಮೇಜು ಹಿಡಿಸುತ್ತವೆ ಎಂದು ಎಣಿಸಿ ಬರುತ್ತಾರೆ. 120 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಅಗಲದ ಮೇಜು, ಹಿಂದೆ ಕುರ್ಚಿ ಸರಿಸಲು ಜಾಗ, ಓಡಾಡಲು ಕನಿಷ್ಠ 1 ಮೀಟರ್ ದಾರಿ, ಇಷ್ಟನ್ನು ಲೆಕ್ಕ ಹಾಕಿದರೆ ಒಬ್ಬರಿಗೆ 4ರಿಂದ 5 ಚದರ ಮೀಟರ್ ಬೇಕು. ಕೆಲವು ತಿಂಗಳ ಮಟ್ಟಿಗೆ ಇದು ನಡೆಯುತ್ತದೆ. ನಡೆಯದಿರುವುದು ಬೇರೆ. ಶೌಚಾಲಯ ಎಷ್ಟಿವೆ? 25 ಮಂದಿಗೆ ಎರಡಾದರೂ ಇಲ್ಲದಿದ್ದರೆ ಮೊದಲ ವಾರದಲ್ಲೇ ಅಸಮಾಧಾನ ಶುರುವಾಗುತ್ತದೆ. ಗಾಲಿಕುರ್ಚಿಯಲ್ಲಿ ಬರುವವರು ಬಾಗಿಲಿನಿಂದ ತಮ್ಮ ಮೇಜಿನವರೆಗೆ ಯಾರ ನೆರವೂ ಇಲ್ಲದೆ ಹೋಗಬಲ್ಲರೇ? ಇಳಿಜಾರು ಹಾಕಿಸುವುದಾದರೆ 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ಮೂರು ಮೆಟ್ಟಿಲಿಗೆ ಒಂದು ಹಲಗೆ ಇಟ್ಟರಾಯಿತು ಎನ್ನುವವರಿಗೆ ಈ ಲೆಕ್ಕ ತಿಳಿದಿರುವುದಿಲ್ಲ. ಸಿಬ್ಬಂದಿ ವಿಭಾಗದಂತೆ ಗುಟ್ಟಿನ ಮಾತು ಆಡಬೇಕಾದವರಿಗೆ ಬಾಗಿಲಿರುವ ಒಂದು ಕೋಣೆಯಾದರೂ ಬೇಕು. ಪರದೆ ಕಟ್ಟಿದರೆ ನೋಟ ಮರೆಯಾದೀತು, ದನಿ ಮರೆಯಾಗದು.

ಗಾಳಿಯನ್ನು ಯಾರೂ ಅಳೆಯುವುದಿಲ್ಲ. ಸ್ಪ್ಲಿಟ್ ಎಸಿ ಕೋಣೆಯ ಗಾಳಿಯನ್ನೇ ಮತ್ತೆ ಮತ್ತೆ ತಣ್ಣಗೆ ಮಾಡುತ್ತದೆ, ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ. ಹೊರಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 420 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 420 ಭಾಗ) ಇರುತ್ತದೆ. 20 ಚದರ ಮೀಟರಿನ ಮುಚ್ಚಿದ ಕೋಣೆಯಲ್ಲಿ ಎಂಟು ಮಂದಿ ಕುಳಿತರೆ ಅರ್ಧ ಗಂಟೆಯೊಳಗೆ ಅದು 1000 ದಾಟುತ್ತದೆ. ಆಮೇಲೆ ಬರುವ ತಲೆಭಾರವನ್ನು, ತೂಕಡಿಕೆಯನ್ನು ಜನ ಹೊಸ ಜಾಗದ ಬೇಸರ ಎಂದುಕೊಳ್ಳುತ್ತಾರೆ. ತೆರೆಯಬಹುದಾದ ಕಿಟಕಿ ಇದೆಯೇ ಎಂದು ನೋಡಿ, ಒಂದು ಸಣ್ಣ ಮೀಟರ್ ತಂದು ಸಭಾಕೋಣೆಯಲ್ಲಿ ಇಡಿ.

ಬಾಡಿಗೆ ಒಪ್ಪಂದದಲ್ಲಿ ಒಂದು ಸಾಲು ತಪ್ಪದೆ ಬರೆಸಿ: ಅವಧಿ ಮುಗಿದ ಮೇಲೂ ತಿಂಗಳಿಂದ ತಿಂಗಳಿಗೆ ಅದೇ ದರದಲ್ಲಿ ಮುಂದುವರಿಯುವ ಹಕ್ಕು ನಮ್ಮದು ಎಂದು. ನವೀಕರಣ ಹೇಳಿದ ದಿನ ಮುಗಿಯುವುದು ಅಪರೂಪ. ಅದಕ್ಕೆ ಗುತ್ತಿಗೆದಾರರ ಉದಾಸೀನ ಒಂದೇ ಕಾರಣವಲ್ಲ. ಫಾಲ್ಸ್ ಸೀಲಿಂಗ್ ಕಳಚಿದ ಮೇಲಷ್ಟೇ ಹಳೆಯ ವೈರಿಂಗ್ ಕಣ್ಣಿಗೆ ಬೀಳುತ್ತದೆ, ನೆಲ ಅಗೆದ ಮೇಲಷ್ಟೇ ಪೈಪಿನ ಸೋರಿಕೆ. ಸಿಮೆಂಟಿನ ನೆಲಹಾಸು ಒಣಗುವುದು ದಿನಕ್ಕೆ ಸರಿಸುಮಾರು 1 ಮಿಲಿಮೀಟರಿನ ಲೆಕ್ಕದಲ್ಲಿ. 50 ಮಿಲಿಮೀಟರ್ ದಪ್ಪದ ನೆಲಹಾಸಿಗೆ ಐವತ್ತು ದಿನ ಬೇಕು. ಅವಸರಕ್ಕೆ ಬಿದ್ದು ಅದರ ಮೇಲೆ ಕಾರ್ಪೆಟ್ ಅಂಟಿಸಿದರೆ ಕೆಳಗಿನ ತೇವಕ್ಕೆ ಅಂಟು ಬಿಟ್ಟು, ಕೆಲವೇ ತಿಂಗಳಲ್ಲಿ ಅಂಚು ಮೇಲೇಳುತ್ತದೆ.

ವಿದ್ಯುತ್ತು

ತಾತ್ಕಾಲಿಕ ಕಚೇರಿಯಲ್ಲಿ ಮೊದಲು ಕೈಕೊಡುವುದು ಇದೇ. 230 ವೋಲ್ಟ್ ಪೂರೈಕೆಯಲ್ಲಿ 16 ಆಂಪಿಯರಿನ ಒಂದು ಎಂಸಿಬಿ (ಹೊರೆ ಹೆಚ್ಚಾದಾಗ ತಾನೇ ಬಿದ್ದು ವಿದ್ಯುತ್ ಕಡಿಯುವ ಸ್ವಿಚ್) ಗರಿಷ್ಠ 3680 ವಾಟ್ ತಾಳುತ್ತದೆ. ದಿನವಿಡೀ ನಡೆಯುವ ಹೊರೆಗೆ ಅದರ 80 ಪ್ರತಿಶತ ಮಾತ್ರ ಲೆಕ್ಕಕ್ಕೆ ಹಿಡಿಯಬೇಕು, ಅಂದರೆ ಸುಮಾರು 2900 ವಾಟ್. ಒಂದು ಲ್ಯಾಪ್‌ಟಾಪ್, ಒಂದು ಮಾನಿಟರ್ ಸೇರಿ 100 ವಾಟ್ ಎಂದುಕೊಂಡರೆ ಕಾಗದದ ಮೇಲೆ 29 ಮೇಜುಗಳಿಗೆ ಸಾಕು. ಆದರೆ ಯಾರೋ ಮೂಲೆಯಲ್ಲಿ ನೀರು ಕಾಯಿಸುವ ಕೆಟಲ್ ಇಡುತ್ತಾರೆ. ಅದೊಂದೇ 2000 ವಾಟ್. ಲೇಸರ್ ಪ್ರಿಂಟರ್ ಸುಮ್ಮನಿದ್ದಾಗ ಸಾಧುವಾಗಿರುತ್ತದೆ, ಮುದ್ರಿಸಲು ರೋಲರ್ ಬಿಸಿಮಾಡುವ ಆ ಕ್ಷಣದಲ್ಲಿ 1000 ವಾಟ್ ದಾಟುತ್ತದೆ. ಎರಡೂ ಒಟ್ಟಿಗೆ ನಡೆದರೆ ಎಂಸಿಬಿ ಬೀಳುತ್ತದೆ, ಅದರ ಜೊತೆಗೆ ಅಷ್ಟೂ ಮೇಜುಗಳು ಕತ್ತಲಾಗುತ್ತವೆ. ಆದ್ದರಿಂದ ಕೆಟಲ್, ಮೈಕ್ರೋವೇವ್, ಫ್ರಿಜ್‌ಗೆ ಒಂದು ಸರ್ಕ್ಯೂಟ್, ಪ್ರಿಂಟರುಗಳಿಗೆ ಒಂದು, ಮೇಜುಗಳಿಗೆ ಬೇರೆಯೇ. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಎಂದೂ ಜೋಡಿಸಬೇಡಿ.

ಇನ್ನೊಂದು ಕಾಟವಿದೆ. ಅನುಭವ ಇರುವ ಎಲೆಕ್ಟ್ರಿಷಿಯನ್‌ಗಳು ಮಾತ್ರ ಇದನ್ನು ಬೇಗ ಹಿಡಿಯುತ್ತಾರೆ. ಹೊರೆ ಕಡಿಮೆಯೇ ಇರುತ್ತದೆ, ಎಲ್ಲೂ ಶಾರ್ಟ್ ಇಲ್ಲ, ಆದರೂ ಆರ್‌ಸಿಸಿಬಿ (ವಿದ್ಯುತ್ ನೆಲಕ್ಕೆ ಸೋರಿದಾಗ ಪೂರೈಕೆ ಕಡಿಯುವ ಸಾಧನ) ದಿನಕ್ಕೆರಡು ಸಲ ಬೀಳುತ್ತದೆ. ಕಾರಣ ಹೀಗೆ: ಪ್ರತಿ ಕಂಪ್ಯೂಟರಿನ ಪವರ್ ಸಪ್ಲೈ ತನ್ನ ಫಿಲ್ಟರಿನ ಮೂಲಕ ಅರ್ಥಿಂಗ್‌ಗೆ 1ರಿಂದ 2 ಮಿಲಿ ಆಂಪಿಯರ್ ಸೋರಿಸುತ್ತಲೇ ಇರುತ್ತದೆ. ಅದು ದೋಷವೇನೂ ಅಲ್ಲ. ಆದರೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ 15 ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು. ಇಪ್ಪತ್ತು ಕಂಪ್ಯೂಟರುಗಳನ್ನು ಒಂದೇ ಆರ್‌ಸಿಸಿಬಿಗೆ ಕಟ್ಟಿದರೆ ಸಣ್ಣ ಸಣ್ಣ ಸೋರಿಕೆ ಸೇರಿ ಅಲ್ಲಿಗೆ ಮುಟ್ಟುತ್ತದೆ. ಒಂದಕ್ಕೆ ಎಂಟು, ಹೆಚ್ಚೆಂದರೆ ಹತ್ತು ಕಂಪ್ಯೂಟರ್ ಎಂದು ಹಂಚಿಬಿಟ್ಟರೆ ಕಾಟ ನಿಲ್ಲುತ್ತದೆ. ಬೀಳುತ್ತದೆ ಎಂದು ಆರ್‌ಸಿಸಿಬಿಯನ್ನೇ ತೆಗೆದು ನೇರ ಜೋಡಿಸುವವರಿದ್ದಾರೆ. ಅದು ಜೀವಕ್ಕೆ ಕಾವಲಿರುವ ಸಾಧನ, ದಯವಿಟ್ಟು ಹಾಗೆ ಮಾಡಲು ಬಿಡಬೇಡಿ. ಒಂದು ಎಕ್ಸ್‌ಟೆನ್ಷನ್ ಬಾಕ್ಸಿಗೆ ಇನ್ನೊಂದನ್ನು ಚುಚ್ಚುವುದನ್ನೂ ಮೊದಲ ದಿನವೇ ನಿಷೇಧಿಸಿ. ಮೊದಲ ಪ್ಲಗ್ಗಿನ ತಂತಿ ಇಡೀ ಸಾಲಿನ ಹೊರೆ ಹೊತ್ತು ಬಿಸಿಯಾಗುತ್ತದೆ.

ಇಂಟರ್‌ನೆಟ್ ಮತ್ತು ಯಂತ್ರಗಳು

ಫೈಬರ್ ಸಂಪರ್ಕಕ್ಕೆ ಅರ್ಜಿ ಹಾಕುವುದು ಸಾಗಣೆಗೆ ಎಂಟು ವಾರ ಮೊದಲು. ಕಟ್ಟಡದ ಮಾಲೀಕರ ಅನುಮತಿ, ಕೇಬಲ್ ದಾರಿ, ಒಳಗಿನ ಕೊಳವೆ, ಇವುಗಳಲ್ಲಿ ಯಾವುದೋ ಒಂದು ತಡವಾಗಿಯೇ ತಡವಾಗುತ್ತದೆ. ಸಿಮ್ ಹಾಕುವ ಒಂದು ರೂಟರನ್ನು ಬದಲಿಯಾಗಿ ಇಟ್ಟುಕೊಂಡಿರಿ, ಸಾಗಣೆಗೆ ಮುಂಚೆಯೇ ಆ ಜಾಗದಲ್ಲಿ ಅದಕ್ಕೆ ಸಿಗ್ನಲ್ ಎಷ್ಟು ಸಿಗುತ್ತದೆ ಎಂದು ನೋಡಿ. ನೆಟ್‌ವರ್ಕ್ ತಂತಿ ಸ್ವಿಚ್ಚಿನಿಂದ (ನೆಟ್‌ವರ್ಕ್ ತಂತಿಗಳೆಲ್ಲ ಕೂಡುವ ಪೆಟ್ಟಿಗೆಯಿಂದ) ಕಂಪ್ಯೂಟರಿನವರೆಗೆ 100 ಮೀಟರ್ ಮೀರುವಂತಿಲ್ಲ. ಆ 100ರಲ್ಲಿ ಗೋಡೆಯೊಳಗಿನ ಸುತ್ತುಬಳಸು, ಎರಡೂ ತುದಿಯ ಪ್ಯಾಚ್ ಕಾರ್ಡ್ (ಜೋಡಣೆಯ ಗಿಡ್ಡ ತಂತಿ) ಎಲ್ಲ ಸೇರಿರುತ್ತವೆ. ಒಂದು ವೈಫೈ ಆಕ್ಸೆಸ್ ಪಾಯಿಂಟಿಗೆ 25ರಿಂದ 30 ಲ್ಯಾಪ್‌ಟಾಪ್ ಎಂದು ಲೆಕ್ಕ ಹಾಕಿ.

ಹೊಸ ಸಂಪರ್ಕಕ್ಕೆ ಹೊಸ ಐಪಿ ವಿಳಾಸ ಬರುತ್ತದೆ. ಹಳೆಯ ವಿಳಾಸವನ್ನು ನಂಬಿಕೊಂಡ ಯಾವ್ಯಾವ ವ್ಯವಸ್ಥೆಗಳಿವೆ ಎಂದು ಪಟ್ಟಿ ಮಾಡಿ: ಬ್ಯಾಂಕಿನ ಪೋರ್ಟಲ್, ವಿಪಿಎನ್ (ಹೊರಗಿನಿಂದ ಕಚೇರಿಯ ಜಾಲಕ್ಕೆ ಸುರಕ್ಷಿತ ದಾರಿ), ಹೊರಗಿನ ಸಾಫ್ಟ್‌ವೇರ್ ಕಂಪನಿಗಳು ಅನುಮತಿ ಕೊಟ್ಟ ವಿಳಾಸಗಳ ಪಟ್ಟಿ. ಸರ್ವರ್ ನಿಮ್ಮಲ್ಲೇ ಇದ್ದರೆ ಡಿಎನ್‌ಎಸ್‌ನ (ಹೆಸರಿನಿಂದ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆಯ) ಟಿಟಿಎಲ್ ಅನ್ನು, ಅಂದರೆ ಒಮ್ಮೆ ಸಿಕ್ಕ ಉತ್ತರವನ್ನು ಹೊರಗಿನ ಕಂಪ್ಯೂಟರುಗಳು ಇಟ್ಟುಕೊಳ್ಳುವ ಅವಧಿಯನ್ನು, 86400 ಸೆಕೆಂಡಿನಿಂದ 300ಕ್ಕೆ ಇಳಿಸಿ. ಇಳಿಸುವುದು ಸಾಗಣೆಗೆ ಎರಡು ದಿನ ಮೊದಲೇ ಆಗಬೇಕು. ಹಳೆಯ ಅವಧಿಯೇ ಒಂದು ಪೂರ್ತಿ ದಿನ. ಅದು ಕಳೆಯುವವರೆಗೆ ಹೊರಗಿನವರ ಕಂಪ್ಯೂಟರುಗಳು ಹಳೆಯ ಉತ್ತರವನ್ನೇ ಹಿಡಿದುಕೊಂಡಿರುತ್ತವೆ.

ಬ್ಯಾಕಪ್ ವಿಷಯದಲ್ಲಿ ಒಂದೇ ಮಾತು: ಅದನ್ನು ಬೇರೊಂದು ಯಂತ್ರದ ಮೇಲೆ ನಿಜವಾಗಿ ಮರುಸ್ಥಾಪಿಸಿ ನೋಡಿದ ಮೇಲಷ್ಟೇ ಸರ್ವರ್ ಆರಿಸಿ. ಬ್ಯಾಕಪ್ ಡಿಸ್ಕು ಸರ್ವರ್ ಹೋಗುವ ಗಾಡಿಯಲ್ಲಿ ಹೋಗಬಾರದು. ಸರ್ವರ್ ರ್‍ಯಾಕಿನ ಹಿಂಬದಿಯ ಫೋಟೋ ತೆಗೆಯಿರಿ, ಪ್ರತಿ ತಂತಿಯ ಎರಡೂ ತುದಿಗೆ ಒಂದೇ ಸಂಖ್ಯೆಯ ಚೀಟಿ ಸುತ್ತಿರಿ. ಒಂದೇ ತುದಿಗೆ ಸುತ್ತಿದರೆ ಕಳಚಿದ ಮೇಲೆ ಅದು ಯಾವ ಕೆಲಸಕ್ಕೂ ಬಾರದು. ಪ್ರಿಂಟರಿನ ಟೋನರ್ ತೆಗೆದು, ಪ್ಲಾಸ್ಟಿಕ್ ಚೀಲದಲ್ಲಿ ಬೇರೆ ಸಾಗಿಸಿ. ಒಳಗೇ ಬಿಟ್ಟು ಯಂತ್ರವನ್ನು ವಾಲಿಸಿದರೆ ಪುಡಿ ಕನ್ನಡಿ, ರೋಲರುಗಳ ಮೇಲೆಲ್ಲ ಹರಡುತ್ತದೆ. ದೊಡ್ಡ ಕಾಪಿಯರಿನಲ್ಲಿ ಬಳಸಿ ಮಿಕ್ಕ ಟೋನರಿನ ಡಬ್ಬಿಯೊಂದು ಬೇರೆ ಇರುತ್ತದೆ, ಜನ ಮರೆಯುವುದು ಅದನ್ನೇ. ಎಸಿ ಕೋಣೆಯಿಂದ ಹೊರಟು ಸೆಕೆಯಲ್ಲಿ ಇಳಿದ ಯಂತ್ರದೊಳಗೆ ತೇವ ಕಟ್ಟಿರಬಹುದು, ಕೆಲವು ಗಂಟೆ ಬಿಟ್ಟು ಚಾಲು ಮಾಡಿ.

ಕಾಗದದ ತೂಕ

ಇಲ್ಲಿ ಸ್ವಲ್ಪ ನಿಧಾನಿಸೋಣ. ಎ4 ಅಳತೆಯ 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ) ಹಾಳೆ ಒಂದಕ್ಕೆ 5 ಗ್ರಾಂ. ಐನೂರು ಹಾಳೆಯ ಒಂದು ಕಟ್ಟು ಎರಡೂವರೆ ಕಿಲೋ. ಎಂಟು ಸೆಂಟಿಮೀಟರ್ ಬೆನ್ನಿನ ಬಾಕ್ಸ್ ಫೈಲು ತುಂಬಿದರೆ ರಟ್ಟು ಸೇರಿ ಸುಮಾರು 3 ಕಿಲೋ. 90 ಸೆಂಟಿಮೀಟರ್ ಅಗಲದ ಕಪಾಟಿನ ಒಂದು ಅಂತಸ್ತಿನಲ್ಲಿ ಅಂಥವು ಹನ್ನೊಂದು ಹಿಡಿಯುತ್ತವೆ, 33 ಕಿಲೋ. ಆರು ಅಂತಸ್ತಿಗೆ 198 ಕಿಲೋ, ಕಪಾಟಿನ ತೂಕ ಬೇರೆ. ಈ 200 ಕಿಲೋ ಕೂರುವುದು 90 ಸೆಂಟಿಮೀಟರಿಗೆ 40 ಸೆಂಟಿಮೀಟರ್ ಜಾಗದಲ್ಲಿ. ಚದರ ಮೀಟರಿಗೆ ಲೆಕ್ಕ ಹಾಕಿದರೆ 550 ಕಿಲೋ ದಾಟಿತು. ಸಾಮಾನ್ಯ ಕಚೇರಿ ಮಹಡಿಯನ್ನು ಚದರ ಮೀಟರಿಗೆ 250ರಿಂದ 300 ಕಿಲೋ ಹೊರುವಂತೆ ಕಟ್ಟಿರುತ್ತಾರೆ. ಒಂದು ಕಪಾಟು ಗೋಡೆಗೆ ಒರಗಿದ್ದರೆ ತೂಕ ಸುತ್ತಲಿನ ಖಾಲಿ ನೆಲಕ್ಕೆ ಹಂಚಿಹೋಗುತ್ತದೆ, ಭಯವಿಲ್ಲ. ಆದರೆ ಇಪ್ಪತ್ತು ಕಪಾಟುಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಕೋಣೆಯ ನಡುವೆ ನಿಲ್ಲಿಸುವುದು ಬೇರೆಯೇ ಮಾತು. ಅದಕ್ಕೆ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ಬರೆದ ಒಪ್ಪಿಗೆ ಬೇಕು. ತೂಕದ ಸಾಮಾನು ಗೋಡೆಯಂಚಿಗೆ, ತೊಲೆಗಳ ಮೇಲೆ ಬರಲಿ. ಸಾಧ್ಯವಾದರೆ ನೆಲಮಹಡಿಯಲ್ಲೇ ಇರಲಿ.

ಆದ್ದರಿಂದ ಮೊದಲ ಪ್ರಶ್ನೆ ಕಾಗದ ಹೇಗೆ ಸಾಗಿಸುವುದು ಎಂಬುದಕ್ಕಿಂತ ಎಷ್ಟು ಸಾಗಿಸುವುದು ಎಂಬುದು. ಕಳೆದ ಮೂರು ತಿಂಗಳಲ್ಲಿ ತೆರೆದ ಕಡತ ಜೊತೆಗೆ ಬರುತ್ತದೆ. ತೆರೆಯದ್ದು ಉಗ್ರಾಣಕ್ಕೆ. ಇಟ್ಟುಕೊಳ್ಳಬೇಕಾದ ಅವಧಿ ಮುಗಿದದ್ದನ್ನು ನಿಯಮ ನೋಡಿ, ಸಹಿ ಪಡೆದು ವಿಲೇವಾರಿ ಮಾಡಿ. ಅವಧಿ ಮುಗಿದ ಕಾಗದವನ್ನು ಹೋಗುವಾಗೊಮ್ಮೆ ಬರುವಾಗೊಮ್ಮೆ ಹೊರುವುದರಲ್ಲಿ ಅರ್ಥವಿಲ್ಲ. ಉಗ್ರಾಣಕ್ಕೆ ಹೋದದ್ದನ್ನು ಯಾರು, ಎಷ್ಟು ಗಂಟೆಯೊಳಗೆ ತಂದುಕೊಡುತ್ತಾರೆ ಎಂಬುದು ಮೊದಲೇ ಬರೆದಿರಲಿ. ಅಲ್ಲಿ ತೇವಾಂಶ 65 ಪ್ರತಿಶತ ಮೀರಿದರೆ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಪೆಟ್ಟಿಗೆಗಳು ನೆಲದಿಂದ 10 ಸೆಂಟಿಮೀಟರ್ ಮೇಲೆ ಮರದ ಹಲಗೆಯ ಮೇಲಿರಲಿ, ಹೊರಗೋಡೆಗೆ ತಾಗದಿರಲಿ.

ಪೆಟ್ಟಿಗೆಯೊಂದು 15 ಕಿಲೋ ದಾಟಬಾರದು. ಬಾಕ್ಸ್ ಫೈಲಾದರೆ ನಾಲ್ಕು. ದೊಡ್ಡ ಪೆಟ್ಟಿಗೆ ತಂದರೆ ಜನ ತುಂಬಿಯೇ ತುಂಬುತ್ತಾರೆ. ತಳ ಹರಿಯುವುದು, ಹೊತ್ತವರ ಸೊಂಟ ಹಿಡಿಯುವುದು ಆಗಲೇ. ಆದ್ದರಿಂದ ಕಡತಕ್ಕೆ ಸಣ್ಣ ಪೆಟ್ಟಿಗೆಯನ್ನೇ ಕೊಡಿ. ಚೀಟಿಯನ್ನು ಮುಚ್ಚಳದ ಮೇಲೆ ಅಂಟಿಸಬೇಡಿ, ಒಂದರ ಮೇಲೊಂದು ಪೇರಿಸಿದಾಗ ಕಾಣದು. ಅಕ್ಕಪಕ್ಕದ ಎರಡು ಬದಿಗೆ ಅಂಟಿಸಿ. ಚೀಟಿಯಲ್ಲಿ ನಾಲ್ಕು ವಿವರ ಇರಲಿ: ವಿಭಾಗ, ಹೋಗಬೇಕಾದ ಕೋಣೆ, ಕ್ರಮಸಂಖ್ಯೆ, ಮತ್ತು ಮರಳಿ ಬಂದು ಸೇರಬೇಕಾದ ಕೋಣೆ. ನಾಲ್ಕನೆಯದನ್ನು ಬಹುತೇಕರು ಬಿಡುತ್ತಾರೆ. ಉಗ್ರಾಣಕ್ಕೆ ಹೋದ ಪೆಟ್ಟಿಗೆಗಳ ಮಟ್ಟಿಗೆ ಅದೇ ಮುಖ್ಯ, ಏಕೆಂದರೆ ನಾಲ್ಕು ತಿಂಗಳ ಮೇಲೆ ಅದನ್ನು ಕಟ್ಟಿದವರು ಬೇರೆ ವಿಭಾಗದಲ್ಲಿರಬಹುದು. ಒಳಗೇನಿದೆ ಎಂಬುದನ್ನು ಚೀಟಿಯಲ್ಲಿ ಬರೆಯಬೇಡಿ, ಅದು ಪಟ್ಟಿಯಲ್ಲಿರಲಿ. 'ಸಂಬಳದ ಕಡತ' ಎಂದು ಬರೆದ ಪೆಟ್ಟಿಗೆ ಎಲ್ಲರ ಕಣ್ಣಿಗೂ ಬೀಳುತ್ತದೆ.

ಪ್ರತಿ ವಿಭಾಗಕ್ಕೂ ಬೇರೆ ಬಣ್ಣದ ಒಂದು 'ಮೊದಲು ತೆರೆಯುವ' ಪೆಟ್ಟಿಗೆ ಇರಲಿ. ಕತ್ತರಿ, ಟೇಪು, ಪ್ಯಾಚ್ ಕಾರ್ಡುಗಳು, ಮೊಹರು, ಲೆಟರ್‌ಹೆಡ್, ಬೀಗದ ಕೈಗಳು, ಪ್ರಥಮ ಚಿಕಿತ್ಸೆ ಸಾಮಾನು ಅದರಲ್ಲಿ. ಅದು ಗಾಡಿಗೆ ಕೊನೆಯಲ್ಲಿ ಏರಿ ಮೊದಲು ಇಳಿಯಬೇಕು. ಫ್ರಿಜ್ಜನ್ನು ಹಿಂದಿನ ದಿನವೇ ಆರಿಸಿ, ಬಾಗಿಲು ತೆರೆದಿಟ್ಟು, ನೀರು ಇಳಿಯಲು ಬಿಡಿ. ವಿಮೆ ಕಂಪನಿಗೆ ಮೂರು ಸಂಗತಿ ಬರೆದು ತಿಳಿಸಿ: ಹೊಸ ವಿಳಾಸ, ಸಾಗಣೆಯ ದಿನ, ಹಳೆಯ ಕಟ್ಟಡದಲ್ಲಿ ಉಳಿದ ಸಾಮಾನು.

ಕಟ್ಟಡದ ಒಂದು ಭಾಗದಲ್ಲೇ ಉಳಿದವರಿಗೆ

ಕೆಲವು ಕಚೇರಿಗಳು ಪೂರ್ತಿ ಹೊರಬೀಳುವುದಿಲ್ಲ. ಮೇಲಿನ ಮಹಡಿಯಲ್ಲಿ ಕೆಲಸ ನಡೆಯುವಾಗ ಕೆಳಗೆ ಕೂರುತ್ತವೆ. ಖರ್ಚು ಉಳಿಯುತ್ತದೆ, ಆದರೆ ಇದು ಹೊರಗೆ ಹೋಗುವುದಕ್ಕಿಂತ ಕಷ್ಟ. ಕಾಂಕ್ರೀಟು, ಟೈಲ್ಸ್ ಕತ್ತರಿಸಿದ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಮಾರಕ. ನೀರು ಹಾಯಿಸುತ್ತಾ ಕತ್ತರಿಸಬೇಕು ಎಂಬುದು ಗುತ್ತಿಗೆಯ ಷರತ್ತಾಗಿರಲಿ. ನಡುವೆ ಕಟ್ಟುವ ಪ್ಲಾಸ್ಟಿಕ್ ಹಾಳೆ ನೆಲದಿಂದ ಮೇಲಿನ ಸ್ಲ್ಯಾಬಿನವರೆಗೆ ಮುಟ್ಟಬೇಕು. ಫಾಲ್ಸ್ ಸೀಲಿಂಗಿಗೆ ನಿಲ್ಲಿಸಿದರೆ ಧೂಳು ಅದರ ಮೇಲಿನಿಂದಲೇ ದಾಟಿ ಬರುತ್ತದೆ. ಕೆಲಸದ ಕಡೆಯ ಗಾಳಿಯನ್ನು ಫ್ಯಾನಿಟ್ಟು ಹೊರಗೆ ಎಳೆಯುತ್ತಿದ್ದರೆ ಹಾಳೆ ಕೆಲಸದ ಕಡೆಗೆ ಉಬ್ಬಿ ನಿಲ್ಲುತ್ತದೆ. ನಿಮ್ಮ ಕಡೆಗೆ ಉಬ್ಬಿದ್ದರೆ ಧೂಳು ನಿಮ್ಮತ್ತ ಬರುತ್ತಿದೆ ಎಂದೇ ಅರ್ಥ. ಬೆಳಿಗ್ಗೆ ಬಂದ ಕೂಡಲೇ ಅದೊಂದನ್ನು ನೋಡಿ. ಹಳೆಯ ಕಟ್ಟಡವಾದರೆ ಒಡೆಯುವ ಮೊದಲೇ ಕಲ್ನಾರಿನ (ಆಸ್‌ಬೆಸ್ಟಾಸ್) ಪರೀಕ್ಷೆ ಆಗಿರಲಿ.

ಧೂಳಿಗೆ ಹೊಗೆ ಪತ್ತೆ ಸಾಧನಗಳು ಸುಳ್ಳು ಎಚ್ಚರಿಕೆ ಕೊಡುತ್ತವೆ ಎಂದು ಕೆಲಸಗಾರರು ಅವಕ್ಕೆ ಮುಚ್ಚಳ ಹಾಕುತ್ತಾರೆ. ಹಾಕಲಿ, ಆದರೆ ಸಂಜೆ ತೆಗೆಯಲೇಬೇಕು. ಎಷ್ಟು ಹಾಕಿದರು, ಎಷ್ಟು ತೆಗೆದರು ಎಂದು ದಿನವೂ ಒಂದು ಪುಸ್ತಕದಲ್ಲಿ ಸಹಿ ಬೀಳಲಿ. ವೆಲ್ಡಿಂಗ್ ಮುಗಿದ ಮೇಲೆ ಒಂದು ಗಂಟೆ ಒಬ್ಬರು ಅಲ್ಲೇ ಕಾವಲಿರಬೇಕು. ಮರದ ಪುಡಿಯೊಳಗೆ ಬಿದ್ದ ಕಿಡಿ ಕೂಡಲೇ ಉರಿಯದೆ ಒಳಗೊಳಗೇ ಹೊಗೆಯಾಡುತ್ತಿರುತ್ತದೆ. ಹೊರಹೋಗುವ ದಾರಿ ವಾರದಿಂದ ವಾರಕ್ಕೆ ಬದಲಾಗುವುದರಿಂದ ಪ್ರತಿ ಸೋಮವಾರ ಯಾರಾದರೊಬ್ಬರು ಅದರಲ್ಲಿ ನಡೆದು ನೋಡಲಿ.

ಮರಳುವಾಗ

ಬಣ್ಣ ಬಳಿದು ಮುಗಿದ ದಿನವನ್ನು ಮರಳುವ ದಿನ ಎಂದು ಇಟ್ಟುಕೊಳ್ಳಬೇಡಿ. ಲಿಫ್ಟಿಗೆ, ಅಗ್ನಿ ಸುರಕ್ಷತೆಗೆ ಬೇಕಾದ ಒಪ್ಪಿಗೆ ಕೈಸೇರಿ, ಎಸಿ ಪೂರ್ಣ ಹೊರೆಯಲ್ಲಿ ಓಡಿ, ಪ್ರತಿ ಪ್ಲಗ್ಗೂ ಪ್ರತಿ ನೆಟ್‌ವರ್ಕ್ ಪಾಯಿಂಟೂ ಪರೀಕ್ಷೆ ಆದ ಮೇಲೆ ಎರಡು ವಾರ ಬಿಟ್ಟು ದಿನ ಗೊತ್ತುಮಾಡಿ. ಆ ಎರಡು ವಾರ ಕಿಟಕಿ ತೆರೆದು ಗಾಳಿ ಹಾಯಿಸಿದರೆ ಬಣ್ಣದ, ಅಂಟಿನ ಘಾಟೂ ಇಳಿಯುತ್ತದೆ. ಬಾಕಿ ಉಳಿದ ಸಣ್ಣಪುಟ್ಟ ಕೆಲಸಗಳ ಪಟ್ಟಿಯನ್ನು ಖಾಲಿ ಕೋಣೆಯಲ್ಲೇ ಮಾಡಿ. ಮೇಜು ಬಂದ ಮೇಲೆ ಗೋಡೆಯ ಗೀರು ಯಾರಿಂದ ಆಯಿತು ಎಂಬ ಜಗಳಕ್ಕೆ ಕೊನೆ ಇರುವುದಿಲ್ಲ.

ತಿಂಗಳುಗಟ್ಟಲೆ ಬಳಸದ ನಲ್ಲಿಗಳ ಬಗ್ಗೆ ಎಚ್ಚರ ಬೇಕು. ಪೈಪಿನಲ್ಲಿ ನಿಂತ ನೀರು 20ರಿಂದ 45 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದರೆ ಲೀಜಿಯನೆಲ್ಲ ಎಂಬ ಬ್ಯಾಕ್ಟೀರಿಯಾ ಬೆಳೆಯಬಹುದು. ಅದು ನೀರಿನ ತುಂತುರಿನೊಡನೆ ಉಸಿರಿಗೆ ಸೇರಿದರೆ ತೀವ್ರ ನ್ಯುಮೋನಿಯಾ ಬರುತ್ತದೆ. ಟ್ಯಾಂಕ್ ತೊಳೆಸಿ, ಪ್ರತಿ ನಲ್ಲಿಯನ್ನೂ ನೀರು ಸಿಡಿಯದಂತೆ ಮೆಲ್ಲಗೆ ತೆರೆದು, ಹೊಸ ನೀರು ಬರುವವರೆಗೆ ಹರಿಯಬಿಡಿ. ಶೌಚಾಲಯದಿಂದ ಚರಂಡಿಯ ವಾಸನೆ ಬಂದರೆ ಪೈಪು ಒಡೆದಿದೆ ಎಂದು ಗಾಬರಿಯಾಗಬೇಡಿ. ನೆಲದ ಟ್ರ್ಯಾಪಿನಲ್ಲಿ (ವಾಸನೆ ತಡೆಯಲು ನೀರು ನಿಲ್ಲುವ ಪೈಪಿನ ಬಾಗಿನಲ್ಲಿ) ಇದ್ದ ನೀರು ಆರಿಹೋಗಿ ಗಾಳಿ ಮೇಲೆ ಬರುತ್ತಿರುತ್ತದೆ. ಪ್ರತಿಯೊಂದಕ್ಕೂ ಒಂದೊಂದು ಬಕೆಟ್ ನೀರು ಸುರಿದರೆ ಹೋಗುತ್ತದೆ.

ಸಭಿಕರೊಬ್ಬರ ಪ್ರಶ್ನೆ: ಇಷ್ಟೆಲ್ಲ ಸಿದ್ಧತೆ ಮಾಡಿದರೂ ಸಿಬ್ಬಂದಿಯ ಗೊಣಗಾಟ ನಿಲ್ಲುವುದಿಲ್ಲ. ಅದಕ್ಕೇನು ಮಾಡುವುದು?

ಗೊಣಗಾಟದಲ್ಲಿ ಎರಡು ಬಗೆ. ಕುರ್ಚಿ ಸರಿಯಿಲ್ಲ, ಬೆಳಕು ಸಾಲದು ಎಂಬುದು ಒಂದು. ಅದಕ್ಕೆ ಕುರ್ಚಿ, ದೀಪವೇ ಪರಿಹಾರ. ಮೇಜು ತಾತ್ಕಾಲಿಕವಾದರೂ ನಡೆದೀತು, ಕುರ್ಚಿಗಳನ್ನು ಮಾತ್ರ ಹಳೆಯ ಕಚೇರಿಯಿಂದಲೇ ತನ್ನಿ. ಲ್ಯಾಪ್‌ಟಾಪ್ ಮೇಲೆ ದಿನವಿಡೀ ಬಾಗಿ ಕೂರುವವರಿಗೆ ಸ್ಟ್ಯಾಂಡು, ಬೇರೆ ಕೀಬೋರ್ಡು ಕೊಡಿ. ಇನ್ನೊಂದು ಬಗೆ ಏನೂ ಗೊತ್ತಿಲ್ಲದ್ದರಿಂದ ಹುಟ್ಟುವುದು. ವಾರಕ್ಕೊಮ್ಮೆ, ಗೊತ್ತಾದ ದಿನ, ಒಂದು ಪುಟ ಕಳುಹಿಸಿ. ಕೆಲಸ ಎಲ್ಲಿಗೆ ಬಂತು, ಈ ವಾರ ಸದ್ದು ಯಾವ ಹೊತ್ತಿಗೆ, ಮರಳುವ ದಿನ ಬದಲಾಗಿದೆಯೇ, ಬದಲಾಗಿದ್ದರೆ ಏಕೆ. ಹೇಳಲು ಹೊಸದೇನೂ ಇಲ್ಲದ ವಾರವೂ ಕಳುಹಿಸಿ, "ಈ ವಾರ ಬದಲಾವಣೆ ಇಲ್ಲ" ಎಂದು. ಕೆಳಗೆ ಒಬ್ಬರ ಹೆಸರು, ಒಂದೇ ಫೋನ್ ಸಂಖ್ಯೆ ಇರಲಿ. ಆ ಒಬ್ಬರಿಗೆ ಆ ನಾಲ್ಕು ತಿಂಗಳು ಬೇರೆ ಕೆಲಸ ಹೊರಿಸಬೇಡಿ.